ಲಿನಕ್ಸ್ ಅಪ್‌ಡೇಟ್ ಬರಲು ಯಾಕಿಷ್ಟು ಹೊತ್ತು? ‘ರಿಲೀಸ್ ಬಿಲ್ಡ್’ ಒಳಗೆ ನಡೆಯುವುದೇನು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಅದಾದ ಮೇಲೆ ಮಂಗಳೂರಿನ ಹಂಪನಕಟ್ಟೆಯಲ್ಲಾಗಲಿ, ಉಡುಪಿಯ ಸರ್ವಿಸ್ ಬಸ್ ನಿಲ್ದಾಣದ ಆಸುಪಾಸಿನಲ್ಲಾಗಲಿ, ಹಳೆ ಲ್ಯಾಪ್‌ಟಾಪ್ ಹಿಡಿದುಕೊಂಡು ರಿಪೇರಿ ಅಂಗಡಿಗೆ ಹೋದವರಿಗೆ ಈ ಮಾತು ಕೇಳಿಸಿರಬಹುದು: “ಇದಕ್ಕೆ ಹನ್ನೊಂದು ಹಾಕ್ಲಿಕ್ಕೆ ಆಗುದಿಲ್ಲ ಮಾರಾಯ್ರೆ, ಲಿನಕ್ಸ್ ಹಾಕಿ ಕೊಡ್ಲಾ?” ಚೆನ್ನಾಗಿ ಓಡುತ್ತಿರುವ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸಾಗದವರು ಹೂಂ ಅನ್ನುತ್ತಾರೆ.

ಹಾಗೆ ಬಂದವರಿಗೆ ಸ್ವಲ್ಪ ದಿನದಲ್ಲೇ ಒಂದು ಅನುಮಾನ ಶುರುವಾಗುತ್ತದೆ. ಯಾವುದೋ ಭದ್ರತಾ ದೋಷ ಸರಿಯಾಯಿತು ಎಂಬ ಸುದ್ದಿ ಬರುತ್ತದೆ, ಆದರೆ ತಮ್ಮ ಕಂಪ್ಯೂಟರಿಗೆ ಅಪ್‌ಡೇಟ್ ಇನ್ನೂ ಬಂದಿರುವುದಿಲ್ಲ. ಹೊಸ ಆವೃತ್ತಿಯ ತಾರೀಕು ಒಂದು ವಾರ ಮುಂದೆ ಹೋಗುತ್ತದೆ. ಕೋಡ್ ಬರೆದಾಗಿದೆ ಅಂದಮೇಲೆ ಇನ್ನೇನು ಕಾಯುವುದು?

ಆ ಕಾಯುವ ಹೊತ್ತಿನ ಒಂದು ದೊಡ್ಡ ಪಾಲು ‘ರಿಲೀಸ್ ಬಿಲ್ಡ್’ಗೆ ಹೋಗುತ್ತದೆ. ಅದನ್ನು ಕಮ್ಮಿ ಮಾಡಲು ಲೋಕದಾದ್ಯಂತ ಕೆಲವರು ವರ್ಷಗಟ್ಟಲೆಯಿಂದ ತಲೆ ಕೆಡಿಸಿಕೊಂಡಿದ್ದಾರೆ. ಅವರು ಏನು ಮಾಡುತ್ತಾರೆ ಎಂಬುದನ್ನು ಬುಡದಿಂದ ನೋಡೋಣ.

ಕೋಡ್ ರೆಡಿ ಅಂದರೆ ಬಿಡುಗಡೆ ಆದಂತಲ್ಲ

ಮನುಷ್ಯರು ಬರೆಯುವುದು ಸೋರ್ಸ್ ಕೋಡ್. ಅದು ಓದಲು ಬರುವ ಪಠ್ಯ. ಪ್ರೊಸೆಸರಿಗೆ ಅದು ಅರ್ಥವಾಗುವುದಿಲ್ಲ. ಅದಕ್ಕೆ ಬೇಕಾದದ್ದು ಸೊನ್ನೆ ಒಂದುಗಳ ಬೈನರಿ. ಸೋರ್ಸನ್ನು ಬೈನರಿ ಮಾಡಿಕೊಡುವ ಪ್ರೋಗ್ರಾಮಿಗೆ ಕಂಪೈಲರ್ ಅನ್ನುತ್ತಾರೆ. ಸಾವಿರಾರು ಫೈಲುಗಳನ್ನು ಸರಿಯಾದ ಕ್ರಮದಲ್ಲಿ ಕಂಪೈಲ್ ಮಾಡಿ, ಒಂದಕ್ಕೊಂದು ಜೋಡಿಸಿ, ಓಡುವ ಸ್ಥಿತಿಗೆ ತರುವ ಇಡೀ ಕೆಲಸವೇ ಬಿಲ್ಡ್. ಹೀಗೆ ತಯಾರಾದದ್ದನ್ನು ಇನ್‌ಸ್ಟಾಲ್ ಮಾಡಲು ಬರುವ ಇಮೇಜ್ ಫೈಲಾಗಿ ಕಟ್ಟಿ, ಪರೀಕ್ಷಿಸಿ, ಡಿಜಿಟಲ್ ಸಹಿ ಹಾಕಿ ಜನರ ಮುಂದೆ ಇಟ್ಟರೆ ಅದು ರಿಲೀಸ್.

ನಮ್ಮೂರಿಗೆ ಹತ್ತಿರದ ಒಂದು ಸಂಗತಿ ಹೇಳುತ್ತೇನೆ. ಲೋಕದ ಲಿಪಿಗಳ ಒಂದೊಂದು ಅಕ್ಷರಕ್ಕೂ ಕಂಪ್ಯೂಟರಿಗಾಗಿ ಒಂದು ಸಂಖ್ಯೆ ಕೊಡುವ ಪಟ್ಟಿ ಯೂನಿಕೋಡ್. 2024ರ ಸೆಪ್ಟೆಂಬರಿನಲ್ಲಿ ಬಂದ ಅದರ 16.0 ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೆ ಜಾಗ ಸಿಕ್ಕಿತು, ಒಟ್ಟು 80 ಅಕ್ಷರ ಮತ್ತು ಚಿಹ್ನೆಗಳು. ಮರುದಿನವೇ ಯಾರ ಕಂಪ್ಯೂಟರಿನಲ್ಲೂ ಆ ಲಿಪಿ ಕಾಣಿಸಿಕೊಳ್ಳಲಿಲ್ಲ. ಕಾಣಿಸಬೇಕಾದರೆ ಅದಕ್ಕೊಂದು ಫಾಂಟ್ ಬೇಕು. ಒತ್ತಕ್ಷರಗಳನ್ನು ಸರಿಯಾಗಿ ಕೂರಿಸುವ ಹಾರ್ಫ್‌ಬಜ್‌ನಂಥ ಲೈಬ್ರರಿಗೆ (ಹಲವು ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಕೋಡಿಗೆ) ಹೊಸ ಲಿಪಿಯ ಮಾಹಿತಿ ಸೇರಬೇಕು. ಅದನ್ನು ಬಳಸುವ ಪ್ಯಾಕೇಜುಗಳು, ಅಂದರೆ ಇನ್‌ಸ್ಟಾಲ್ ಮಾಡಲು ಕಟ್ಟಿಟ್ಟ ಸಾಫ್ಟ್‌ವೇರ್ ಗಂಟುಗಳು, ಹೊಸದಾಗಿ ಬಿಲ್ಡ್ ಆಗಬೇಕು. ಇಷ್ಟೆಲ್ಲ ಆಗಿ ಒಂದು ರಿಲೀಸಿನೊಳಗೆ ಸೇರಿದ ಮೇಲೆಯೇ ಅದು ಕಾರ್ಕಳದ ಯಾವುದೋ ಮನೆಯ ಪರದೆಗೆ ಬರುವುದು. ಕನ್ನಡದ ಗುಬ್ಬಿ, ನವಿಲು ಫಾಂಟುಗಳು ಲಿನಕ್ಸಿನ ಒಂದು ಬಗೆಯಾದ ಡೆಬಿಯನ್‌ನಲ್ಲಿ ಪ್ಯಾಕೇಜುಗಳಾಗಿ ಸಿಗುವುದೂ ಇಂಥದೇ ದಾರಿಯಲ್ಲಿ.

ಕೆಲಸದ ಗಾತ್ರ

ಲಿನಕ್ಸ್ ಅಂದರೆ ನಿಜವಾಗಿ ಕರ್ನಲ್ ಮಾತ್ರ. ಯಂತ್ರಾಂಶವನ್ನೂ ಪ್ರೋಗ್ರಾಮುಗಳನ್ನೂ ನಡೆಸುವ ಒಳಗಿನ ಭಾಗ ಅದು. ಅದರ ಸೋರ್ಸೇ ಸುಮಾರು 4 ಕೋಟಿ ಸಾಲು, 70,000ಕ್ಕೂ ಹೆಚ್ಚು ಫೈಲು. ಅದರ ಸುತ್ತ ಕಿಟಕಿ, ಮೆನು, ಬ್ರೌಸರ್, ಪ್ರಿಂಟರ್ ಡ್ರೈವರ್ ಎಲ್ಲ ಸೇರಿಸಿ ಕೊಡುವುದಕ್ಕೆ ಡಿಸ್ಟ್ರಿಬ್ಯೂಷನ್ ಅನ್ನುತ್ತಾರೆ. ಅಂಗಡಿಯವರು ಸಾಮಾನ್ಯವಾಗಿ ಹಾಕಿಕೊಡುವ ಲಿನಕ್ಸ್ ಮಿಂಟ್ ಉಬುಂಟು ಮೇಲೆ ನಿಂತಿದೆ. ಉಬುಂಟು ಡೆಬಿಯನ್ ಮೇಲೆ ನಿಂತಿದೆ. 2025ರ ಆಗಸ್ಟ್ 9ರಂದು ಬಂದ ಡೆಬಿಯನ್ 13ರಲ್ಲಿ ಹತ್ತಿರ ಹತ್ತಿರ 70,000 ಪ್ಯಾಕೇಜುಗಳಿವೆ.

ಅಷ್ಟಕ್ಕೇ ಮುಗಿಯುವುದಿಲ್ಲ. ಇಂಟೆಲ್ ಪ್ರೊಸೆಸರಿಗೆ ಮಾಡಿದ ಬೈನರಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೇಲೆ ಓಡುವುದಿಲ್ಲ, ಅದರ ಪ್ರೊಸೆಸರ್ ಬೇರೆ ಬಗೆಯದು. ಪ್ರೊಸೆಸರಿನ ಬಗೆ ಬದಲಾದ ಹಾಗೆಲ್ಲ ಬಿಲ್ಡ್ ಮತ್ತೆ ಮಾಡಬೇಕು. ಡೆಬಿಯನ್ 13 ಅಧಿಕೃತವಾಗಿ 7 ಬಗೆಯ ಪ್ರೊಸೆಸರುಗಳಿಗೆ ಬರುತ್ತದೆ.

ಲಿನಕ್ಸ್ ಅಲ್ಲದ ಮುಕ್ತ ಆಪರೇಟಿಂಗ್ ಸಿಸ್ಟಮ್‌ಗಳೂ ಉಂಟು. ಫ್ರೀಬಿಎಸ್‌ಡಿ ಅದರಲ್ಲೊಂದು. 1993ರಲ್ಲಿ ಮೊದಲ ಆವೃತ್ತಿ ಬಂತು. ಹೆಸರು ಕೇಳಿರಲಿಕ್ಕಿಲ್ಲ, ಆದರೆ ನೆಟ್‌ಫ್ಲಿಕ್ಸ್ ವಿಡಿಯೋ ಕಳಿಸುವ ಸರ್ವರುಗಳು ಓಡುವುದು ಅದರ ಮೇಲೆಯೇ. ಈ ಲೇಖನದಲ್ಲಿ ಅದನ್ನು ಆಗಾಗ ತರುತ್ತೇನೆ. ಅಲ್ಲಿ ಕರ್ನಲ್, ಕಂಪೈಲರ್, ಮೂಲ ಉಪಕರಣಗಳೆಲ್ಲ ಒಂದೇ ಸೋರ್ಸ್ ಮರದಲ್ಲಿ ಇರುವುದರಿಂದ ‘ಇಡೀ ವ್ಯವಸ್ಥೆಯನ್ನು ಬಿಲ್ಡ್ ಮಾಡುವುದು’ ಎಂಬ ಮಾತಿಗೆ ಅದು ಸ್ಪಷ್ಟ ಉದಾಹರಣೆ.

ಬೇಗ ಮುಗಿದರೆ ಯಾರಿಗೆ ಲಾಭ?

2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಒಂದು ಎಚ್ಚರಿಕೆ ಕೊಟ್ಟರು. ಅವರ ಯಂತ್ರದಲ್ಲಿ ಲಾಗಿನ್ ಆಗಲು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿತ್ತು. ಯಾಕೆ ಎಂದು ಕೆದಕಿದಾಗ ಎಕ್ಸ್‌ಝಡ್ ಎಂಬ ಫೈಲ್ ಕುಗ್ಗಿಸುವ ಸಾಫ್ಟ್‌ವೇರಿನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಬೇಕೆಂದೇ ಕಳ್ಳಬಾಗಿಲು ಇಟ್ಟಿದ್ದು ಬೆಳಕಿಗೆ ಬಂತು.

ಉಬುಂಟು 24.04ರ ಬೀಟಾ, ಅಂದರೆ ಪರೀಕ್ಷೆಗೆಂದು ಮೊದಲೇ ಬಿಡುವ ಆವೃತ್ತಿ, ಏಪ್ರಿಲ್ 4ಕ್ಕೆ ಬರಬೇಕಿತ್ತು. ಅದರಲ್ಲಿ ಎಕ್ಸ್‌ಝಡ್‌ನ ಕಳಂಕಿತ ಆವೃತ್ತಿಯನ್ನು ತೆಗೆದುಹಾಕಿದರೆ ಸಾಕಿತ್ತಲ್ಲ ಎನಿಸಬಹುದು. ಆದರೆ ಆ ಕೋಡ್ ಸೇರಿದ ಮೇಲೆ ಬಿಲ್ಡ್ ಆದ ಬೇರೆ ಪ್ಯಾಕೇಜುಗಳನ್ನು ಹೇಗೆ ನಂಬುವುದು? ಅವು ಬಿಲ್ಡ್ ಆದ ಯಂತ್ರದಲ್ಲೇ ಅದು ಓಡಾಡಿರಬಹುದಲ್ವಾ? ಹಾಗಾಗಿ ಆ ಅವಧಿಯಲ್ಲಿ ತಯಾರಾದ ಎಲ್ಲ ಬೈನರಿಗಳನ್ನೂ ಬಿಸಾಡಿ ಹೊಸದಾಗಿ ಬಿಲ್ಡ್ ಮಾಡಲು ತೀರ್ಮಾನಿಸಿದರು. ಬೀಟಾ ಏಪ್ರಿಲ್ 11ಕ್ಕೆ ಹೋಯಿತು. ಪೂರ್ಣ ಬಿಡುಗಡೆ ಮಾತ್ರ ಹೇಳಿದ ದಿನವೇ, ಏಪ್ರಿಲ್ 25ಕ್ಕೆ ಆಯಿತು. ಇಡೀ ವ್ಯವಸ್ಥೆಯನ್ನು ದಿನಗಳ ಲೆಕ್ಕದಲ್ಲಿ ಮತ್ತೆ ಕಟ್ಟುವ ತಾಕತ್ತು ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ.

ಇಂಥ ಗಂಡಾಂತರ ಅಪರೂಪ. ಆದರೆ ನಿತ್ಯದಲ್ಲೂ ಬಿಲ್ಡ್ ವೇಗಕ್ಕೆ ಬೆಲೆ ಉಂಟು. ಫ್ರೀಬಿಎಸ್‌ಡಿಯ ಹೊಸ ಆವೃತ್ತಿ ಒಮ್ಮೆಲೇ ಬರುವುದಿಲ್ಲ. ಮೊದಲು ಕೆಲವು ಬೀಟಾಗಳು, ಆಮೇಲೆ ರಿಲೀಸ್ ಕ್ಯಾಂಡಿಡೇಟ್ ಎಂಬ ಅಂತಿಮ ಕರಡುಗಳು, ಕೊನೆಗೆ ನಿಜವಾದ ರಿಲೀಸ್. ಒಂದರಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ ಒಂದು ವಾರದ ಅಂತರ. ಕೊನೆಯ ಕರಡಿನಲ್ಲಿ ದೊಡ್ಡ ದೋಷ ಸಿಕ್ಕಿತು ಅಂತಿಟ್ಟುಕೊಳ್ಳಿ. ಸರಿಪಡಿಸಿದ್ದು ಒಂದೇ ಸಾಲಾದರೂ ಎಲ್ಲ ಪ್ರೊಸೆಸರುಗಳ ಎಲ್ಲ ಇಮೇಜುಗಳನ್ನೂ ಮತ್ತೆ ಮಾಡಬೇಕು. ಬಿಲ್ಡಿಗೆ ಎರಡು ದಿನ ಹೋದರೆ ಪರೀಕ್ಷಿಸುವವರಿಗೆ ಉಳಿಯುವುದು ಐದು ದಿನ. ಬಿಲ್ಡ್ ಆರು ಗಂಟೆಗೆ ಇಳಿದರೆ ಹೆಚ್ಚುಕಡಿಮೆ ಇಡೀ ವಾರ ಅವರದ್ದು. ನನ್ನ ಮಟ್ಟಿಗೆ ಈ ಕಥೆಯ ಮುಖ್ಯ ಅಂಶ ಇದು. ಬಿಲ್ಡಿನಲ್ಲಿ ಉಳಿಸಿದ ಹೊತ್ತು ಬೇಗ ಬಿಡುಗಡೆ ಮಾಡುವುದಕ್ಕಿಂತ ಹೆಚ್ಚಾಗಿ ತಪ್ಪು ಹುಡುಕುವುದಕ್ಕೆ ಹೋಗುತ್ತದೆ.

ಕೋರ್ ಜಾಸ್ತಿ ಹಾಕಿದರೆ ಮುಗೀತಲ್ಲ?

ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಇದೇ. ಕೋರ್ ಅಂದರೆ ಪ್ರೊಸೆಸರಿನೊಳಗೆ ಸ್ವತಂತ್ರವಾಗಿ ಕೆಲಸ ಮಾಡಬಲ್ಲ ಒಂದು ಘಟಕ. ಈಗಿನ ಸರ್ವರುಗಳಲ್ಲಿ 64, 128 ಕೋರ್ ಇರುತ್ತವೆ. ಒಂದೊಂದು ಕೋರ್ ಒಂದೊಂದು ಫೈಲ್ ಕಂಪೈಲ್ ಮಾಡಲಿ. ನಿಜ, ಇದರಿಂದ ಸಿಗುವ ಲಾಭ ದೊಡ್ಡದು. ಆದರೆ ಒಂದು ಹಂತದ ಮೇಲೆ ಎಷ್ಟು ಕೋರ್ ಸೇರಿಸಿದರೂ ಗಡಿಯಾರ ಕದಲುವುದಿಲ್ಲ.

ನಮ್ಮ ಕಡೆಯ ಮದುವೆ ಅಡುಗೆ ನೆನಪು ಮಾಡಿಕೊಳ್ಳಿ. ಕಾಯಿ ತುರಿಯಲು ಒಬ್ಬರ ಬದಲು ಹತ್ತು ಜನ ಕೂತರೆ ಹತ್ತು ಪಟ್ಟು ಬೇಗ. ಆದರೆ ಕಡ್ಲೆಬೇಳೆ ಪಾಯಸದ ಕೊಪ್ಪರಿಗೆ ಎದುರು ಹತ್ತು ಜನ ಅಡುಗೆಯವರು ನಿಂತರೂ ಬೇಳೆ ತನ್ನ ಹೊತ್ತಿಗೇ ಬೇಯುವುದು. ಬೇಳೆ ಬೆಂದ ಮೇಲೆ ಬೆಲ್ಲ, ಬೆಲ್ಲ ಕರಗಿದ ಮೇಲೆ ಕಾಯಿಹಾಲು. ಈ ಸಾಲನ್ನು ಹಿಂದುಮುಂದು ಮಾಡಲು ಬರುವುದಿಲ್ಲ. ಎಷ್ಟು ಗಂಟೆಗೆ ಎಲೆ ಹಾಕಬಹುದು ಎಂಬುದನ್ನು ತೀರ್ಮಾನಿಸುವುದು ಈ ಉದ್ದದ ಸಾಲು, ತುರಿಮಣೆಗಳ ಸಂಖ್ಯೆಯಲ್ಲ. ಅನುಭವಿ ಭಟ್ಟರು ಮೊದಲು ಪಾಯಸದ ಒಲೆ ಹೊತ್ತಿಸಿ ಆಮೇಲೆ ತರಕಾರಿ ಕಡೆ ತಿರುಗುತ್ತಾರೆ.

ಕಂಪ್ಯೂಟರ್ ಲೋಕದಲ್ಲಿ ಈ ಮಿತಿಯನ್ನು ಜೀನ್ ಆಮ್ಡಾಲ್ 1967ರಲ್ಲಿ ಮುಂದಿಟ್ಟರು. ಲೆಕ್ಕ ಸರಳ. ಹತ್ತು ಗಂಟೆಯ ಕೆಲಸದಲ್ಲಿ ಒಂಬತ್ತು ಗಂಟೆಯದ್ದು ಹಂಚಲು ಬರುತ್ತದೆ, ಒಂದು ಗಂಟೆಯದ್ದು ಬರುವುದಿಲ್ಲ ಅಂತಿಟ್ಟುಕೊಳ್ಳಿ. 9 ಕೋರ್ ಹಾಕಿದರೆ ಒಟ್ಟು ಎರಡು ಗಂಟೆ. 90 ಕೋರ್ ಹಾಕಿದರೆ ಒಂದು ಗಂಟೆ ಆರು ನಿಮಿಷ. 900 ಹಾಕಿದರೂ ಒಂದು ಗಂಟೆಗಿಂತ ಕೆಳಗೆ ಇಳಿಯುವುದಿಲ್ಲ.

ಆದ್ದರಿಂದ ಬಿಲ್ಡ್ ಎಂಜಿನಿಯರುಗಳ ಮೊದಲ ಕೆಲಸ ಯಂತ್ರ ಕೊಳ್ಳುವುದಲ್ಲ, ಅಳೆಯುವುದು. ಯಾವ ಹೊತ್ತಿನಲ್ಲಿ ಎಷ್ಟು ಕೋರ್ ಸುಮ್ನೆ ಕೂತಿವೆ ಎಂಬ ನಕ್ಷೆ ತೆಗೆಯುತ್ತಾರೆ. ಮೊದಲ ಒಂದು ಗಂಟೆ 64 ಕೋರುಗಳೂ ತುಂಬಿ, ಆಮೇಲಿನ ನಲವತ್ತು ನಿಮಿಷ ಒಂದೇ ಒಂದು ಕೋರ್ ದುಡಿಯುತ್ತಿದ್ದರೆ ಕೈ ಹಾಕಬೇಕಾದ ಜಾಗ ಆ ನಲವತ್ತು ನಿಮಿಷ.

ಇನ್ನೊಂದು ತೊಡಕು ನೆನಪಿನ ಶಕ್ತಿಯದ್ದು, ಅಂದರೆ ರ‍್ಯಾಮ್. ದೊಡ್ಡ ಪ್ರೋಗ್ರಾಮುಗಳ ತುಂಡುಗಳನ್ನು ಜೋಡಿಸುವಾಗ ಒಂದೊಂದು ಕೆಲಸಕ್ಕೂ ಗಿಗಾಬೈಟುಗಟ್ಟಲೆ ರ‍್ಯಾಮ್ ಬೇಕಾಗುತ್ತದೆ. ಕೋರ್ ಉಂಟು ಅಂತ ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ರ‍್ಯಾಮ್ ತುಂಬಿ, ಯಂತ್ರ ಡಿಸ್ಕಿಗೆ ಬರೆಯುತ್ತ ತೆವಳುತ್ತದೆ.

ಒಂದೇ ಕೆಲಸ ಎರಡೆರಡು ಸಲ

ಬಿಲ್ಡ್ ನಡೆಸುವ ಉಪಕರಣಗಳಲ್ಲಿ ಅಜ್ಜ ಅನ್ನಬಹುದಾದದ್ದು ‘ಮೇಕ್’. ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಬರೆದದ್ದು. ಅವರ ಸಹೋದ್ಯೋಗಿ ಸ್ಟೀವ್ ಜಾನ್ಸನ್ ಒಂದು ದಿನ ಬೆಳಿಗ್ಗೆಯಿಡೀ ಒಂದು ದೋಷದ ಹಿಂದೆ ಬಿದ್ದು ಸುಸ್ತಾದರಂತೆ. ಆಮೇಲೆ ನೋಡಿದರೆ ದೋಷ ಅದಾಗಲೇ ಸರಿಯಾಗಿತ್ತು, ಆ ಫೈಲನ್ನು ಮತ್ತೆ ಕಂಪೈಲ್ ಮಾಡಲು ಮಾತ್ರ ಮರೆತಿದ್ದರು. ಯಾವ ಫೈಲ್ ಯಾವುದನ್ನು ನೆಚ್ಚಿಕೊಂಡಿದೆ ಎಂದು ಬರೆದಿಟ್ಟರೆ, ಬದಲಾದದ್ದನ್ನು ಮಾತ್ರ ಮತ್ತೆ ಕಂಪೈಲ್ ಮಾಡುವ ಕೆಲಸ ಮೇಕ್‌ನದ್ದು. ಫೈಲುಗಳ ಮೇಲಿನ ಸಮಯದ ಮುದ್ರೆ ನೋಡಿ ಅದು ನಿರ್ಧರಿಸುತ್ತದೆ. ಐವತ್ತು ವರ್ಷದ ಹಿಂದಿನ ಈ ಉಪಾಯ ಇವತ್ತಿಗೂ ದಿನಾ ಬಳಕೆಯಲ್ಲಿದೆ.

ರಿಲೀಸ್ ಬಿಲ್ಡಿನಲ್ಲಿ ಮಾತ್ರ ಈ ಉಪಾಯವನ್ನು ಸುಲಭಕ್ಕೆ ಬಳಸುವುದಿಲ್ಲ. ಹಳೆಯ ತುಂಡುಗಳು ಉಳಿದಿದ್ದರೆ ಅವುಗಳ ಜೊತೆ ಹಳೆಯ ತಪ್ಪೂ ಉಳಿಯಬಹುದು. ಅದಕ್ಕೆ ರಿಲೀಸನ್ನು ಖಾಲಿ ಜಾಗದಲ್ಲಿ ಮೊದಲಿಂದ ಮಾಡುವುದು ರೂಢಿ.

ಹಾಗಿದ್ದರೆ ಉಳಿತಾಯ ಎಲ್ಲಿಂದ? ಒಂದು ದಾರಿ ಸಿಕ್ಯಾಷ್ ಎಂಬ ಉಪಕರಣ. ವಿಂಡೋಸ್ ಯಂತ್ರಗಳ ಜೊತೆ ಫೈಲ್ ಹಂಚಿಕೊಳ್ಳಲು ಬಳಸುವ ಸಾಂಬಾ ಎಂಬ ಸಾಫ್ಟ್‌ವೇರ್ ಬರೆದ ಆಂಡ್ರ್ಯೂ ಟ್ರಿಜೆಲ್ ಅವರೇ ಇದನ್ನೂ ಶುರು ಮಾಡಿದ್ದು. ಕಂಪೈಲರಿಗೆ ಹೋಗುವ ಪಠ್ಯ, ಕಂಪೈಲರಿನ ಆವೃತ್ತಿ, ಆಯ್ಕೆಗಳು ಎಲ್ಲ ಸೇರಿಸಿ ಅದು ಒಂದು ಗುರುತು ಸಂಖ್ಯೆ ಲೆಕ್ಕ ಹಾಕುತ್ತದೆ. ಒಂದು ಅಕ್ಷರ ಬದಲಾದರೂ ಸಂಖ್ಯೆ ಬೇರೆ. ಅದೇ ಸಂಖ್ಯೆಯ ಫಲಿತಾಂಶ ಮುಂಚೆಯೇ ಇದ್ದರೆ ಕಂಪೈಲರನ್ನು ಎಬ್ಬಿಸದೆ ಅದನ್ನೇ ತಂದು ಕೊಡುತ್ತದೆ. ಸಮಯದ ಮುದ್ರೆಗಿಂತ ಇದು ಗಟ್ಟಿ. ಆದರೂ ಅಂತಿಮ ರಿಲೀಸಿಗೆ ಇದನ್ನು ಬಳಸಬೇಕೋ ಬೇಡವೋ ಎಂಬುದರಲ್ಲಿ ಎಲ್ಲರಿಗೂ ಒಮ್ಮತವಿಲ್ಲ. ದಿನನಿತ್ಯದ ಪರೀಕ್ಷಾ ಬಿಲ್ಡಿಗೆ ಧಾರಾಳ ಬಳಸುತ್ತಾರೆ.

ಎರಡನೆಯ ದಾರಿ ಕಂಪೈಲರಿನದ್ದೇ. ಇದು ಸ್ವಲ್ಪ ವಿಚಿತ್ರವಾಗಿದೆ, ನಿಧಾನಕ್ಕೆ ಓದಿ. ಫ್ರೀಬಿಎಸ್‌ಡಿಯ ಸೋರ್ಸ್ ಮರದಲ್ಲೇ ಕ್ಲ್ಯಾಂಗ್ ಎಂಬ ಕಂಪೈಲರ್ ಇದೆ. ಅದು ಎಲ್‌ಎಲ್‌ವಿಎಂ ಎಂಬ ದೊಡ್ಡ ಯೋಜನೆಯ ಭಾಗ. ಹೊಸ ವ್ಯವಸ್ಥೆಯನ್ನು ಹೊಸ ಕಂಪೈಲರಿನಿಂದಲೇ ಕಟ್ಟಬೇಕು. ಆದ್ದರಿಂದ ಮೊದಲು ಯಂತ್ರದಲ್ಲಿರುವ ಹಳೆ ಕಂಪೈಲರಿನಿಂದ ಹೊಸ ಕಂಪೈಲರನ್ನು ಮಾಡುತ್ತಾರೆ. ಆ ಹೊಸ ಕಂಪೈಲರಿನಿಂದ ಇಡೀ ವ್ಯವಸ್ಥೆಯನ್ನು ಕಟ್ಟುತ್ತಾರೆ. ಆ ವ್ಯವಸ್ಥೆಯ ಒಳಗೆ ಬಳಕೆದಾರರಿಗೆ ಕೊಡಲು ಕಂಪೈಲರ್ ಇನ್ನೊಂದು ಸಲ ಬಿಲ್ಡ್ ಆಗುತ್ತದೆ. ಅಂದರೆ ಇಡೀ ಮರದಲ್ಲಿ ಅತಿ ಭಾರದ ಕೆಲಸ ಎರಡು ಸಲ! ಅದೂ ಒಂದೊಂದು ಪ್ರೊಸೆಸರ್ ಬಗೆಗೂ.

ಇಲ್ಲಿ ಎರಡು ಗಮನಿಕೆಗಳು ಭಾರ ಇಳಿಸಿದವು. ಬಿಲ್ಡ್ ಯಂತ್ರದಲ್ಲಿ ಇರುವ ಕಂಪೈಲರಿನ ಆವೃತ್ತಿಯೂ ಸೋರ್ಸಿನಲ್ಲಿ ಇರುವುದೂ ಒಂದೇ ಆಗಿದ್ದರೆ ಮೊದಲ ಸುತ್ತನ್ನು ಬಿಟ್ಟೇ ಬಿಡಬಹುದು. ಫ್ರೀಬಿಎಸ್‌ಡಿ ಈಗ ತಾನಾಗಿಯೇ ಇದನ್ನು ಹೋಲಿಸಿ ನೋಡುತ್ತದೆ. ಎರಡನೆಯದು, ಕ್ಲ್ಯಾಂಗ್ ಹುಟ್ಟಿನಿಂದಲೇ ಬಹುಭಾಷಿ. ಇಂಟೆಲ್ ಯಂತ್ರದ ಮೇಲೆ ಕೂತು ಆರ್ಮ್ ಎಂಬ ಬೇರೆ ಬಗೆಯ ಪ್ರೊಸೆಸರಿನ ಬೈನರಿ ಬರೆಯಬಲ್ಲದು. ಇದಕ್ಕೆ ಕ್ರಾಸ್ ಕಂಪೈಲ್ ಅನ್ನುತ್ತಾರೆ. ಹಾಗಾಗಿ ನಿಧಾನದ ಸಣ್ಣ ಬೋರ್ಡುಗಳಿಗೆ ಬೇಕಾದ ವ್ಯವಸ್ಥೆಯನ್ನೂ ವೇಗದ ಸರ್ವರಿನಲ್ಲೇ ಕಟ್ಟಲು ಬರುತ್ತದೆ.

ಡೆಬಿಯನ್ ಬೇರೆ ದಾರಿ ಹಿಡಿದಿದೆ. ಅಲ್ಲಿ ಆಯಾ ಬಗೆಯ ಪ್ಯಾಕೇಜುಗಳನ್ನು ಆಯಾ ಬಗೆಯ ಯಂತ್ರದಲ್ಲೇ ಬಿಲ್ಡ್ ಮಾಡುವ ಪದ್ಧತಿ. 70,000 ಪ್ಯಾಕೇಜು ಬರೆದವರೆಲ್ಲ ಕ್ರಾಸ್ ಕಂಪೈಲನ್ನು ಮನಸ್ಸಿನಲ್ಲಿಟ್ಟು ಬರೆದಿಲ್ಲ. ಕೆಲವು ಪ್ಯಾಕೇಜುಗಳು ಬಿಲ್ಡಿನ ನಡುವೆ ತಾವೇ ಮಾಡಿದ ಪ್ರೋಗ್ರಾಮನ್ನು ಓಡಿಸಿ ನೋಡುತ್ತವೆ. ಬೇರೆ ಬಗೆಯ ಯಂತ್ರದಲ್ಲಿ ಅದು ಓಡುವುದಿಲ್ಲ.

ಇನ್ನೂರು ಸಾಲಿನ ಫೈಲು, ಸಾವಿರಾರು ಸಾಲಿನ ಓದು

ಸಿ ಭಾಷೆಯಲ್ಲಿ ಬರೆದ ಒಂದು ಚಿಕ್ಕ ಫೈಲನ್ನು ಹತ್ತಿರದಿಂದ ನೋಡೋಣ. ಇನ್ನೂರು ಸಾಲು ಇರಬಹುದು. ಅದರ ತಲೆಯಲ್ಲಿ ನಾಲ್ಕೈದು ‘ಇನ್‌ಕ್ಲೂಡ್’ ಸಾಲುಗಳು. ಒಂದೊಂದೂ ಒಂದು ಹೆಡರ್ ಫೈಲನ್ನು, ಅಂದರೆ ಹಲವು ಫೈಲುಗಳಿಗೆ ಬೇಕಾದ ಸಾಮಾನ್ಯ ವಿವರಗಳಿರುವ ಫೈಲನ್ನು, ಒಳಗೆ ಕರೆಯುತ್ತದೆ. ಆ ಹೆಡರ್ ಇನ್ನು ಹತ್ತು ಹೆಡರುಗಳನ್ನು ಕರೆಯುತ್ತದೆ, ಅವು ಇನ್ನಷ್ಟನ್ನು. ಕಂಪೈಲರ್ ನಿಜಕ್ಕೂ ಓದುವುದು ಇನ್ನೂರು ಸಾಲಲ್ಲ, ಹತ್ತಾರು ಸಾವಿರ ಸಾಲು. ಪಕ್ಕದ ಫೈಲಿಗೆ ಹೋದಾಗ ಅದೇ ಹೆಡರುಗಳನ್ನು ಮತ್ತೆ ಮೊದಲಿಂದ ಓದುತ್ತದೆ. ಅದಕ್ಕೆ ಹಿಂದಿನದ್ದು ನೆನಪಿರುವುದಿಲ್ಲ. ಇದನ್ನು ಸಾವಿರಾರು ಫೈಲುಗಳಿಗೆ ಗುಣಿಸಿ.

ಲಿನಕ್ಸ್ ಕರ್ನಲ್‌ನಲ್ಲಿ ದಶಕಗಳಿಂದ ಕೆಲಸ ಮಾಡುತ್ತಿರುವ ಇಂಗೋ ಮೋಲ್ನಾರ್ 2022ರ ಜನವರಿಯಲ್ಲಿ 2,200ಕ್ಕೂ ಹೆಚ್ಚು ಬದಲಾವಣೆಗಳ ಒಂದು ದೊಡ್ಡ ಕಂತೆಯನ್ನು ಮುಂದಿಟ್ಟರು. ಅದರಲ್ಲಿ ಹೊಸ ಸೌಲಭ್ಯ ಒಂದೂ ಇರಲಿಲ್ಲ. ಬೇಡದ ಹೆಡರುಗಳ ಗೋಜಲನ್ನು ಬಿಡಿಸಿದ್ದು ಅಷ್ಟೇ. ಅವರ ಅಳತೆಯ ಪ್ರಕಾರ ಕರ್ನಲ್ ಬಿಲ್ಡಿನ ವೇಗ ಶೇ. 50ರಿಂದ 80ರಷ್ಟು ಹೆಚ್ಚುತ್ತಿತ್ತು. ಒಂದು ವರ್ಷಕ್ಕೂ ಮೀರಿದ ಶ್ರಮ. ಆದರೆ ಆ ಕಂತೆ ಇಡಿಯಾಗಿ ಕರ್ನಲ್‌ಗೆ ಸೇರಲಿಲ್ಲ. ಅಷ್ಟೊಂದು ಫೈಲುಗಳನ್ನು ಒಟ್ಟಿಗೆ ಮುಟ್ಟುವ ಬದಲಾವಣೆಯನ್ನು ಪರಿಶೀಲಿಸುವುದೇ ದೊಡ್ಡ ಕೆಲಸ. ಪರಿಶೀಲಿಸುವಷ್ಟರಲ್ಲಿ ಕರ್ನಲ್ ಮುಂದೆ ಹೋಗಿರುತ್ತದೆ. ವೇಗ ಹೆಚ್ಚಿಸುವ ದಾರಿ ಗೊತ್ತಿದ್ದೂ ನಡೆಯಲು ಕಷ್ಟ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕಂಪೈಲ್ ಮುಗಿದ ಮೇಲಿನ ತಡ

ಕಂಪೈಲ್ ಆದ ಮೇಲೆ ಅದನ್ನೆಲ್ಲ ಕಟ್ಟಿ ಕುಗ್ಗಿಸಬೇಕು. ಡೌನ್‌ಲೋಡ್ ಚಿಕ್ಕದಿರಲಿ ಎಂದು ಬಹಳ ಕಾಲ ಎಕ್ಸ್‌ಝಡ್ ಬಳಸುತ್ತಿದ್ದರು, ಹೌದು, ಮೇಲೆ ಹೇಳಿದ ಅದೇ ಎಕ್ಸ್‌ಝಡ್. ತುಂಬಾ ಚೆನ್ನಾಗಿ ಕುಗ್ಗಿಸುತ್ತದೆ, ಆದರೆ ನಿಧಾನ. ಮಾಮೂಲಿಯಾಗಿ ಓಡಿಸಿದರೆ ಅದು ಒಂದೇ ಕೋರ್ ಬಳಸುತ್ತಿತ್ತು. 2014ರ ಕೊನೆಗೆ ಬಂದ 5.2 ಆವೃತ್ತಿಯಲ್ಲಿ ಫೈಲನ್ನು ತುಂಡು ಮಾಡಿ ಹಲವು ಕೋರುಗಳಲ್ಲಿ ಕುಗ್ಗಿಸುವ ಆಯ್ಕೆ ಸೇರಿತು. ಫೈಲ್ ಚೂರೇ ಚೂರು ದೊಡ್ಡದಾಗುತ್ತದೆ, ಹೊತ್ತು ಮಾತ್ರ ಬಹಳ ಉಳಿಯುತ್ತದೆ.

ಆರ್ಚ್ ಲಿನಕ್ಸ್‌ನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 2019ರ ಕೊನೆಗೆ ಎಕ್ಸ್‌ಝಡ್ ಬಿಟ್ಟು ಝಡ್‌ಸ್ಟ್ಯಾಂಡರ್ಡ್‌ ಎಂಬ ಇನ್ನೊಂದು ಕುಗ್ಗಿಸುವ ವಿಧಾನಕ್ಕೆ ಬದಲಾದರು. ಪ್ಯಾಕೇಜುಗಳ ಒಟ್ಟು ಗಾತ್ರ ಸುಮಾರು ಶೇ. 0.8ರಷ್ಟು ಹೆಚ್ಚಿತು. ಬಿಚ್ಚುವ ವೇಗ ಸುಮಾರು ಶೇ. 1300ರಷ್ಟು ಹೆಚ್ಚಿತು ಎಂದು ಅವರೇ ಪ್ರಕಟಿಸಿದ ಲೆಕ್ಕ. ಬಿಚ್ಚುವ ವೇಗಕ್ಕೂ ಬಿಲ್ಡಿಗೂ ಏನು ಸಂಬಂಧ ಅನ್ನಿಸಬಹುದು. ದೊಡ್ಡ ಡಿಸ್ಟ್ರಿಬ್ಯೂಷನ್‌ಗಳಲ್ಲಿ ಪ್ರತಿ ಪ್ಯಾಕೇಜನ್ನೂ ಹೊಸದಾದ ಖಾಲಿ ವಾತಾವರಣದಲ್ಲಿ ಬಿಲ್ಡ್ ಮಾಡುತ್ತಾರೆ. ಅದಕ್ಕೆ ಬೇಕಾದ ಕಂಪೈಲರ್, ಲೈಬ್ರರಿಗಳನ್ನೆಲ್ಲ ಪ್ರತಿ ಸಲವೂ ಅಲ್ಲಿಗೆ ಬಿಚ್ಚಿ ಹಾಕಬೇಕು. ಐದು ಸೆಕೆಂಡಿನಲ್ಲಿ ಕಂಪೈಲ್ ಆಗುವ ಪುಟ್ಟ ಪ್ಯಾಕೇಜಿಗೆ ಒಂದು ನಿಮಿಷದ ಸಿದ್ಧತೆ ಹಿಡಿಯುವುದುಂಟು.

ಇದೇ ಕಾರಣಕ್ಕೆ ಬಿಲ್ಡ್ ಯಂತ್ರಗಳಲ್ಲಿ ಡಿಸ್ಕಿನ ಬದಲು ರ‍್ಯಾಮಿನಲ್ಲೇ ಕೆಲಸ ನಡೆಸುತ್ತಾರೆ. ‘ಬರೆದದ್ದು ಡಿಸ್ಕಿಗೆ ಮುಟ್ಟಿತಾ’ ಎಂದು ಪದೇ ಪದೇ ಕಾಯುವ ಹಂತವನ್ನು ತಪ್ಪಿಸಲು ಒಂದು ಪುಟ್ಟ ಲೈಬ್ರರಿಯೇ ಉಂಟು. ಅದರ ಹೆಸರು ‘ಈಟ್ ಮೈ ಡೇಟಾ’! ಕರೆಂಟು ಹೋದರೆ ಬರೆದದ್ದು ಹೋಯಿತು. ಬಿಲ್ಡ್ ಯಂತ್ರದಲ್ಲಿ ಅದರಿಂದ ನಷ್ಟವಿಲ್ಲ, ಮತ್ತೆ ಶುರು ಮಾಡಿದರಾಯಿತು. ಮಳೆಗಾಲದಲ್ಲಿ ಮನೆಯ ಕಂಪ್ಯೂಟರಿನಲ್ಲಿ ಇದನ್ನು ಬಳಸುವ ಧೈರ್ಯ ಯಾರೂ ಮಾಡಬೇಡಿ.

ಇಮೇಜ್ ಮಾಡುವ ಹಂತದಲ್ಲಿ ಇನ್ನೊಂದು ಹಳೆ ತೊಡಕಿತ್ತು. ಮೊದಲೆಲ್ಲ ಒಂದು ಖಾಲಿ ಡಿಸ್ಕ್ ಇದೆ ಎಂಬಂತೆ ತೋರಿಸಿ, ಅದಕ್ಕೆ ಫೈಲುಗಳನ್ನು ಕಾಪಿ ಮಾಡಿ, ಅವುಗಳ ಒಡೆತನ ಬದಲಿಸಿ ಇಮೇಜ್ ಮಾಡುತ್ತಿದ್ದರು. ಇದಕ್ಕೆಲ್ಲ ಯಂತ್ರದ ಪೂರ್ಣ ಅಧಿಕಾರ, ಅಂದರೆ ರೂಟ್ ಬೇಕು. ಫ್ರೀಬಿಎಸ್‌ಡಿಯಂಥದೇ ಇನ್ನೊಂದು ಮುಕ್ತ ಆಪರೇಟಿಂಗ್ ಸಿಸ್ಟಮ್ ನೆಟ್‌ಬಿಎಸ್‌ಡಿ. ನೆಟ್‌ಬಿಎಸ್‌ಡಿಯಲ್ಲಿ ಹುಟ್ಟಿದ ಮೇಕ್‌ಎಫ್‌ಎಸ್ ಎಂಬ ಉಪಕರಣ ಇದನ್ನು ಸುಲಭ ಮಾಡಿತು. ಯಾವ ಫೈಲ್ ಯಾರದ್ದು, ಯಾವ ಅನುಮತಿ ಎಂಬುದನ್ನು ಒಂದು ಪಟ್ಟಿಯಲ್ಲಿ ಬರೆದಿಟ್ಟರೆ ಅದು ನೇರವಾಗಿ ಇಮೇಜ್ ಬರೆದುಬಿಡುತ್ತದೆ. ರೂಟ್ ಬೇಕಿಲ್ಲ ಅಂದಮೇಲೆ ಒಂದೇ ಯಂತ್ರದಲ್ಲಿ ಹಲವು ಇಮೇಜುಗಳನ್ನು ಒಂದಕ್ಕೊಂದು ತಾಗದಂತೆ ಒಟ್ಟಿಗೆ ಮಾಡಬಹುದು. 2025ರ ಡಿಸೆಂಬರಿನಲ್ಲಿ ಬಂದ ಫ್ರೀಬಿಎಸ್‌ಡಿ 15.0ರ ಹೊತ್ತಿಗೆ ರೂಟ್ ಇಲ್ಲದೆಯೇ ರಿಲೀಸ್ ಕಟ್ಟುವ ಸ್ಥಿತಿಗೆ ಅವರು ಬಂದರು.

ಅವಸರದ ಅಪಾಯ

ಕೆಲಸಗಳನ್ನು ಒಟ್ಟಿಗೆ ಓಡಿಸಿದಾಗ ಹೊಸ ಬಗೆಯ ದೋಷಗಳು ಹುಟ್ಟುತ್ತವೆ. ಒಂದು ಪ್ರೋಗ್ರಾಮಿಗೆ ಆವೃತ್ತಿ ಸಂಖ್ಯೆ ಇರುವ ಒಂದು ಹೆಡರ್ ಬೇಕು. ಅದನ್ನು ಬಿಲ್ಡಿನ ನಡುವೆ ಒಂದು ಸ್ಕ್ರಿಪ್ಟ್ ತಯಾರಿಸುತ್ತದೆ. ‘ಮೊದಲು ಸ್ಕ್ರಿಪ್ಟ್, ಆಮೇಲೆ ಪ್ರೋಗ್ರಾಮ್’ ಎಂದು ಬರೆಯಲು ಯಾರೋ ಮರೆತಿದ್ದಾರೆ. 4 ಕೋರಿನ ಲ್ಯಾಪ್‌ಟಾಪಿನಲ್ಲಿ ಸ್ಕ್ರಿಪ್ಟ್ ಯಾವಾಗಲೂ ಮೊದಲೇ ಮುಗಿದಿರುತ್ತದೆ. ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. 64 ಕೋರಿನ ಸರ್ವರಿನಲ್ಲಿ ಎರಡೂ ಒಟ್ಟಿಗೆ ಹೊರಡುತ್ತವೆ, ಹೆಡರ್ ಇಲ್ಲ ಎಂದು ಬಿಲ್ಡ್ ನಿಲ್ಲುತ್ತದೆ. ಮತ್ತೆ ಓಡಿಸಿದರೆ ಸರಿಯಾಗುತ್ತದೆ! ನಿಂತರೆ ಪುಣ್ಯ ಅನ್ನಬೇಕು. ಅರ್ಧ ಬರೆದ ಹೆಡರನ್ನೇ ಓದಿ ಮುಂದೆ ಹೋಗಿಬಿಟ್ಟರೆ ತಪ್ಪು ಬೈನರಿ ರಿಲೀಸಿನೊಳಗೆ ಕೂರುತ್ತದೆ.

ಇದನ್ನು ಹಿಡಿಯುವ ಒಳ್ಳೆಯ ವಿಧಾನ ಸರಳ: ಒಂದೇ ಸೋರ್ಸನ್ನು ಎರಡು ಬೇರೆ ಯಂತ್ರಗಳಲ್ಲಿ ಬಿಲ್ಡ್ ಮಾಡಿ, ಎರಡೂ ಬೈನರಿಗಳು ಬಿಟ್ ಬಿಟ್ಟಿಗೂ ಒಂದೇ ಇವೆಯಾ ನೋಡುವುದು. ಇದಕ್ಕೆ ರಿಪ್ರೊಡ್ಯೂಸಿಬಲ್ ಬಿಲ್ಡ್ ಎನ್ನುತ್ತಾರೆ. ಡೆಬಿಯನ್‌ನಲ್ಲಿ ಈ ಪ್ರಯತ್ನ 2013ರಲ್ಲಿ ಶುರುವಾಯಿತು. ಸುಲಭ ಅನ್ನಿಸಿದರೂ ಅಡ್ಡಿಗಳು ಬಹಳ. ಹಲವು ಪ್ರೋಗ್ರಾಮುಗಳು ‘ಇಂಥ ದಿನ ಇಷ್ಟು ಗಂಟೆಗೆ ಬಿಲ್ಡ್ ಆದದ್ದು’ ಎಂದು ತಮ್ಮೊಳಗೇ ಬರೆದುಕೊಳ್ಳುತ್ತವೆ. ಕೆಲವು ಫೋಲ್ಡರಿನ ದಾರಿಯನ್ನು ಬರೆದುಕೊಳ್ಳುತ್ತವೆ. ಡಿಸ್ಕ್ ಕೊಟ್ಟ ಕ್ರಮದಲ್ಲೇ ಫೈಲುಗಳನ್ನು ಜೋಡಿಸುತ್ತವೆ, ಆ ಕ್ರಮ ಪ್ರತಿ ಯಂತ್ರದಲ್ಲೂ ಬೇರೆ. ಇವುಗಳನ್ನೆಲ್ಲ ಒಂದೊಂದಾಗಿ ಹುಡುಕಿ ತೆಗೆಯಬೇಕು. ಈಗಿನ ಸಮಯದ ಬದಲು ಸೋರ್ಸ್ ಕೊನೆಗೆ ಬದಲಾದ ಸಮಯವನ್ನೇ ಹಾಕಿ ಎಂಬ ಒಂದು ಒಪ್ಪಂದ ಈಗ ಸುಮಾರಾಗಿ ಎಲ್ಲ ಕಡೆ ಬಳಕೆಯಲ್ಲಿದೆ.

ಎಕ್ಸ್‌ಝಡ್ ಪ್ರಕರಣದ ಹಿನ್ನೆಲೆಯಲ್ಲಿ ಇದಕ್ಕೆ ಇನ್ನೊಂದು ಅರ್ಥ ಬಂದಿದೆ. ಯಾರು ಬೇಕಾದರೂ ತಮ್ಮ ಯಂತ್ರದಲ್ಲಿ ಬಿಲ್ಡ್ ಮಾಡಿ ಅಧಿಕೃತ ಬೈನರಿಯೊಂದಿಗೆ ಹೋಲಿಸಬಹುದಾದರೆ, ಬಿಲ್ಡ್ ಯಂತ್ರದಲ್ಲಿ ಏನೋ ಸೇರಿಕೊಂಡಿದೆಯೇ ಎಂಬುದು ತಿಳಿಯುತ್ತದೆ. ಒಂದು ಮಿತಿಯೂ ಉಂಟು. ಸೋರ್ಸಿನಲ್ಲೇ ವಿಷ ಇದ್ದರೆ ಎರಡು ಯಂತ್ರಗಳೂ ಅದೇ ವಿಷದ ಬೈನರಿಯನ್ನು ಕೊಡುತ್ತವೆ.

ಮನೆಯಲ್ಲೇ ನೋಡಬೇಕಿದ್ದರೆ

ಸುರತ್ಕಲ್‌ನಲ್ಲೋ ಮಣಿಪಾಲದಲ್ಲೋ ಎಂಜಿನಿಯರಿಂಗ್ ಓದುವ ಮಕ್ಕಳು ಮನೆಯಲ್ಲಿದ್ದರೆ ಅವರಿಗೊಂದು ರಜೆಯ ಕೆಲಸ. ಕರ್ನಲ್ ಸೋರ್ಸ್ ಇಳಿಸಿಕೊಂಡು ‘ಮೇಕ್ ಡೆಫ್‌ಕಾನ್ಫಿಗ್’ ಕೊಟ್ಟು, ಒಮ್ಮೆ ಒಂದು ಕೋರಿನಲ್ಲಿ, ಒಮ್ಮೆ ಎಲ್ಲ ಕೋರುಗಳಲ್ಲಿ ಬಿಲ್ಡ್ ಮಾಡಿ ಸಮಯ ಬರೆದಿಡಲಿ. ಏನೂ ಬದಲಿಸದೆ ಇನ್ನೊಮ್ಮೆ ಓಡಿಸಿದರೆ ಬಹಳ ಬೇಗ ಮುಗಿಯುತ್ತದೆ. ಎಲ್ಲರೂ ಬಳಸುವ ಒಂದು ಹೆಡರಿನಲ್ಲಿ ಸಣ್ಣ ಬದಲಾವಣೆ ಮಾಡಿ ಓಡಿಸಿದರೆ ಮತ್ತೆ ಸಾವಿರಾರು ಫೈಲು ಕಂಪೈಲ್ ಆಗುತ್ತವೆ. ಮೇಲೆ ಹೇಳಿದ್ದೆಲ್ಲ ಆಗ ಪರದೆಯ ಮೇಲೆ ಕಾಣುತ್ತದೆ.

ಏಪ್ರಿಲ್-ಮೇ ಸೆಕೆಯಲ್ಲಿ ಅಳೆಯುವುದಾದರೆ ಜಾಗ್ರತೆ. ಲ್ಯಾಪ್‌ಟಾಪ್ ಬಿಸಿಯಾದಾಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಎರಡನೆಯ ಅಳತೆ ನಿಧಾನವಾಗಿ ಕಂಡರೆ ಅದು ನಿಮ್ಮ ಉಪಾಯದ ತಪ್ಪಾಗಿರಲಿಕ್ಕಿಲ್ಲ. ಅಳತೆಗಳ ನಡುವೆ ಯಂತ್ರ ತಣಿಯಲು ಬಿಡಿ.

ಬಿಲ್ಡ್ ಮುಗಿದ ಮೇಲೂ

ಇಷ್ಟಾದ ಮೇಲೂ ಒಂದು ತಡ ಬಾಕಿ. ತಯಾರಾದ ಇಮೇಜುಗಳು ಲೋಕದ ಬೇರೆ ಬೇರೆ ಕಡೆಯ ಮಿರರ್ ಸರ್ವರುಗಳಿಗೆ ತಲುಪಬೇಕು. ಎಲ್ಲರೂ ಒಂದೇ ಸರ್ವರಿಗೆ ಮುಗಿಬೀಳದಿರಲಿ ಎಂದು ಈ ವ್ಯವಸ್ಥೆ. ಅದಕ್ಕೆ ಫೈಲುಗಳು ಮೊದಲು ಮಿರರುಗಳಿಗೆ ಹೋಗುತ್ತವೆ, ಘೋಷಣೆ ಆಮೇಲೆ ಬರುತ್ತದೆ.

ನಡುವಿನ ಆ ಹೊತ್ತಿನಲ್ಲಿ ಫೈಲ್ ಕಣ್ಣಿಗೆ ಬಿತ್ತು ಅಂತ ಇಳಿಸಿಕೊಂಡು ಹಾಕಿಕೊಳ್ಳುವವರು ಇದ್ದಾರೆ. ಹಾಗೆ ಮಾಡದಿರುವುದು ಒಳ್ಳೆಯದು. ಕೊನೆಯ ಗಳಿಗೆಯಲ್ಲಿ ದೋಷ ಸಿಕ್ಕಿದರೆ ಅದೇ ಹೆಸರಿನ ಫೈಲನ್ನು ತೆಗೆದು ಹೊಸದನ್ನು ಇಡುವುದುಂಟು. ನಿಮ್ಮ ಹತ್ತಿರ ಇರುವುದು ಆಗ ಲೆಕ್ಕಕ್ಕಿಲ್ಲದ ಆವೃತ್ತಿಯಾಗುತ್ತದೆ. ಘೋಷಣೆಯ ಜೊತೆ ಪ್ರಕಟವಾಗುವ ಚೆಕ್‌ಸಮ್ ಎಂಬ ಉದ್ದದ ಸಂಖ್ಯೆಯನ್ನು ನೀವು ಇಳಿಸಿಕೊಂಡ ಫೈಲಿನ ಸಂಖ್ಯೆಯೊಂದಿಗೆ ತಾಳೆ ನೋಡಿ. ಲಿನಕ್ಸ್‌ನಲ್ಲಿ ಅದಕ್ಕೆ ‘ಶಾ256ಸಮ್’ ಎಂಬ ಕಮಾಂಡ್ ಇದೆ, ಫೈಲಿನ ಹೆಸರು ಕೊಟ್ಟರೆ ಸಾಕು. ಎರಡೂ ಒಂದೇ ಆಗಿದ್ದರೆ ಪೆನ್‌ಡ್ರೈವಿಗೆ ಬರೆಯಿರಿ. ಒಂದು ಅಂಕಿ ಬೇರೆಯಾದರೂ ಆ ಫೈಲನ್ನು ಅಳಿಸಿ, ಬೇರೆ ಮಿರರಿನಿಂದ ಇಳಿಸಿಕೊಳ್ಳಿ.